ಮೊಣಕಾಲಿಲ್ಲದ ಮನುಷ್ಯ, ವಾಪಸ್ ಹೋದ ಪತ್ರ

ಎಣ್ಣೆಬಣ್ಣದ ಕಥೆಗಳು. ಈ ಸಲ ಏಳು ಪೋಸ್ಟ್, ಒಂದೇ ಕಥೆ. ಉದ್ದ ಇದೆ ಅಂತ ಆಮೇಲೆ ಬೈಬೇಡಿ, ಮೊದಲೇ ಹೇಳ್ತಿದೀನಿ.

1/7

ಹೋದ ಸೀರೀಸ್ ಆದ್ಮೇಲೆ ಮೆಸೇಜ್‌ನಲ್ಲಿ ಜಾಸ್ತಿ ಬಂದ ಪ್ರಶ್ನೆ ಇದು: "ಆಯಿಲ್ ಪೇಂಟಿಂಗ್ ಕಲಿಯೋಕೆ ಕ್ಲಾಸಿಗೇ ಹೋಗ್ಬೇಕಾ? ಪೇಂಟ್ ಮಾಡೋ ಫ್ರೆಂಡ್ಸ್‌ಗೆ ತೋರಿಸಿ, ಅವರು ಹೇಳಿದ್ದನ್ನ ತಿದ್ದಿಕೊಂಡ್ರೆ ಸಾಲ್ದಾ?"

ನಾನು ಬಿಕಾಂ. ಬ್ಯಾಲೆನ್ಸ್ ಶೀಟ್ ಬಗ್ಗೆ ಕೇಳಿದ್ರೆ ಉತ್ತರ ಕೊಡಬಹುದು. ಇದಕ್ಕೆ ನನ್ನ ಹತ್ರ ಇರೋದು ಇತಿಹಾಸದಲ್ಲಿ ಸಿಕ್ಕ ಒಂದು ಕೇಸ್ ಮಾತ್ರ. ಹೆಸರು ಎಲ್ಲರಿಗೂ ಗೊತ್ತಿರೋದೇ: ವಿನ್ಸೆಂಟ್ ವ್ಯಾನ್ ಗೋ.

ಕಿವಿ ಕತ್ತರಿಸಿಕೊಂಡವನು, ಸೂರ್ಯಕಾಂತಿ ಬರೆದವನು, ಯಾರಿಗೂ ಅರ್ಥ ಆಗದೆ ಒಂಟಿಯಾಗಿ ಸತ್ತ ಜೀನಿಯಸ್. ಮಗ್ ಮೇಲೆ, ಟೀಶರ್ಟ್ ಮೇಲೆ ಸಿಗೋ ವ್ಯಾನ್ ಗೋ ಇವನೇ. ಆದರೆ ಅವನ ಪತ್ರಗಳನ್ನ ಓದ್ತಾ ಹೋದ್ರೆ ಬೇರೆ ಮನುಷ್ಯ ಸಿಗ್ತಾನೆ. ಅವನು ಬರೆದ 800ಕ್ಕೂ ಹೆಚ್ಚು ಪತ್ರಗಳು ಉಳಿದಿವೆ, ಬಹುಪಾಲು ತಮ್ಮ ತಿಯೋಗೆ ಬರೆದವು. ಆ ಪತ್ರಗಳ ತುಂಬಾ ಇರೋದು ಇಂಥದ್ದೇ: ಈ ಚಿತ್ರ ನೋಡು, ಹೇಗಿದೆ ಹೇಳು, ಅವರಿಗೂ ತೋರಿಸು, ಅವರೇನಂದ್ರು ಬರಿ. ಒಂಟಿ ಅನ್ನೋದು ಅರ್ಧ ಸತ್ಯ. ಬೇರೆ ಪೇಂಟರ್‌ಗಳ ಅಭಿಪ್ರಾಯ ಇಲ್ಲದೆ ಅವನಿಗೆ ಕೈಯೇ ಓಡ್ತಿರಲಿಲ್ಲ. ಅಭಿಪ್ರಾಯ ಬಂದ್ರೆ ಜಗಳ ಆಡದೆ ಇರೋಕೂ ಆಗ್ತಿರಲಿಲ್ಲ.

ಕಲಾವಿದ ಆಗ್ತೀನಿ ಅಂತ ಅವನು ನಿರ್ಧಾರ ಮಾಡಿದ್ದು 1880ರಲ್ಲಿ, 27ನೇ ವಯಸ್ಸಿಗೆ. ಅಷ್ಟರಲ್ಲಿ ಚಿತ್ರ ಮಾರೋ ಕಂಪನಿ ಕೆಲಸ, ಮೇಷ್ಟ್ರ ಕೆಲಸ, ಪುಸ್ತಕದಂಗಡಿ, ಗಣಿ ಕಾರ್ಮಿಕರ ನಡುವೆ ಧರ್ಮಬೋಧನೆ, ಎಲ್ಲಾ ಆಗಿ ಎಲ್ಲಾ ಕೈಬಿಟ್ಟು ಹೋಗಿತ್ತು. ಸತ್ತಿದ್ದು 1890ರ ಜುಲೈ 29. ಅಂದ್ರೆ ಕಲಿಕೆ, ಸಾಧನೆ ಎಲ್ಲಾ ಸೇರಿ ಹತ್ತೇ ವರ್ಷ. ಇಪ್ಪತ್ತಕ್ಕೇ "ನನಗೆ ಲೇಟ್ ಆಯ್ತು" ಅನ್ನೋರು ಈ ಲೆಕ್ಕ ಒಮ್ಮೆ ನೋಡಿ.

2/7

ಅವನ ಕೈಗೆ ಎಣ್ಣೆಬಣ್ಣ ಕೊಟ್ಟಿದ್ದು ಆಂಟನ್ ಮಾವ್. ಹಾಲೆಂಡಿನ ಹೇಗ್ ನಗರದಲ್ಲಿ ಆ ಕಾಲಕ್ಕೆ ದೊಡ್ಡ ಹೆಸರು, ವಿನ್ಸೆಂಟ್‌ನ ಸೋದರ ಸಂಬಂಧಿಯೊಬ್ಬಳ ಗಂಡ. (ಹೌದು, ಹೆಸರೂ ಮಾವ್, ಹೆಚ್ಚುಕಮ್ಮಿ ಭಾವ. ನಗ್ಬೇಡಿ.) 1881ರ ಕೊನೆಯಲ್ಲಿ ವಿನ್ಸೆಂಟ್ ಕೆಲವು ವಾರ ಅವನ ಸ್ಟುಡಿಯೋದಲ್ಲಿ ಕೂತು ಎಲೆಕೋಸು, ಮರದ ಚಪ್ಪಲಿ ಇಟ್ಕೊಂಡು ಮೊದಲ ಆಯಿಲ್ ಸ್ಟಡಿಗಳನ್ನ ಮಾಡಿದ.

ಮಾವ್ ಕೊಟ್ಟ ಒಂದು ಫೀಡ್‌ಬ್ಯಾಕ್ ನನಗೆ ತುಂಬಾ ಇಷ್ಟ. ವಿನ್ಸೆಂಟ್ ತಂದ ಚಿತ್ರಗಳನ್ನ ನೋಡಿ ಅವನು ಹೇಳಿದ್ದು, ನೀನು ಮಾಡೆಲ್‌ಗೆ ತೀರಾ ಹತ್ತಿರ ಕೂರ್ತಿದೀಯ ಅಂತ. ಅಷ್ಟೇ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋ ಮಾತೇ ಇಲ್ಲ. ಹತ್ತಿರ ಕೂತ್ರೆ ಇಡೀ ಆಕೃತಿ ಒಂದೇ ನೋಟಕ್ಕೆ ಸಿಗಲ್ಲ, ತಲೆ ನೋಡೋಕೆ ಕತ್ತೆತ್ತಬೇಕು, ಕಾಲು ನೋಡೋಕೆ ತಗ್ಗಿಸಬೇಕು, ಅಳತೆ ತಪ್ಪುತ್ತೆ. ಕುರ್ಚಿ ಹಿಂದಕ್ಕೆ ಸರಿಸಿದ್ರೆ ಸರಿಹೋಗೋ ತಪ್ಪು. ಚಿತ್ರ ನೋಡಿಯೇ ಅದನ್ನ ಬರೆದವನು ಎಲ್ಲಿ ಕೂತಿದ್ದ ಅಂತ ಹೇಳಬಲ್ಲ ಕಣ್ಣು ಅದು. ಪೇಂಟ್ ಮಾಡೋರು ಮಾತ್ರ ಕೊಡಬಲ್ಲ ಕಮೆಂಟ್.

ಆದರೆ ಕೆಲವೇ ತಿಂಗಳಲ್ಲಿ ಇಬ್ಬರೂ ದೂರ ಆದ್ರು. ಪ್ಲಾಸ್ಟರ್ ಗೊಂಬೆಗಳ ಕೈಕಾಲು ನೋಡಿ ಅಭ್ಯಾಸ ಮಾಡು ಅಂದ ಮಾವ್. ವಿನ್ಸೆಂಟ್‌ಗೆ ಜೀವ ಇರೋ ಕೈಕಾಲು ಬೇಕಿತ್ತು. ಮನೆಗೆ ಬಂದವನು ಪ್ಲಾಸ್ಟರ್ ತುಂಡುಗಳನ್ನ ಕಲ್ಲಿದ್ದಲ ಬುಟ್ಟಿಗೆ ಎಸೆದ, ಚೂರಾದವು. ವಿನ್ಸೆಂಟ್ ಬದುಕುತ್ತಿದ್ದ ರೀತಿಯ ಬಗ್ಗೆ ಮಾವ್‌ಗಿದ್ದ ಅಸಮಾಧಾನವೂ ಇದಕ್ಕೆ ಸೇರಿಕೊಂಡಿತು. 1882ರಲ್ಲಿ ಸಂಬಂಧ ಮುಗೀತು.

ಆರು ವರ್ಷ ಆದ್ಮೇಲೆ, 1888ರ ಮಾರ್ಚ್‌ನಲ್ಲಿ, ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ ಹೂಬಿಟ್ಟ ಪೀಚ್ ಮರಗಳನ್ನ ಬರೆದು ಮುಗಿಸಿದಾಗ ಮಾವ್ ತೀರಿಕೊಂಡ ಸುದ್ದಿ ಅವನಿಗೆ ಬಂತು. ಆ ಚಿತ್ರದ ಮೇಲೆ ಮಾವ್ ನೆನಪಿಗೆ ಅಂತ ಬರೆದು ಅವನ ಹೆಂಡತಿಗೆ ಕಳಿಸಿಕೊಟ್ಟ. ಪಿಂಕ್ ಹೂವಿನ ಮರ, ನೀಲಿ ಆಕಾಶ. ಫೋಟೋ ಸ್ಟೋರಿಯಲ್ಲಿ ಹಾಕ್ತೀನಿ.

3/7

ಈಗ ಅಸಲಿ ಕಥೆ. ಆಂಟನ್ ವಾನ್ ರಪ್ಪಾರ್ಡ್. (ಇವನೂ ಆಂಟನ್. ಡಚ್ಚರಿಗೆ ಹೆಸರಿನ ಬರ ಇತ್ತೇನೋ.)

ವಿನ್ಸೆಂಟ್‌ಗಿಂತ ಐದು ವರ್ಷ ಚಿಕ್ಕವನು, ದುಡ್ಡಿದ್ದ ಮನೆತನ, ಅಕಾಡೆಮಿಯಲ್ಲಿ ಕ್ರಮವಾಗಿ ಕಲಿತವನು. ಇಬ್ಬರೂ ಸಿಕ್ಕಿದ್ದು 1880ರಲ್ಲಿ ಬ್ರಸೆಲ್ಸ್‌ನಲ್ಲಿ. ಮುಂದಿನ ಐದು ವರ್ಷ ಪತ್ರ ಬರೆದಿದ್ದೇ ಬರೆದಿದ್ದು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬರ್ತಿದ್ದ ಮರದಚ್ಚಿನ ಚಿತ್ರಗಳನ್ನ ಕತ್ತರಿಸಿ ಒಬ್ಬರಿಗೊಬ್ಬರು ಕಳಿಸ್ತಿದ್ರು, ನಾವು ರೀಲ್ಸ್ ಕಳಿಸಿದ ಹಾಗೆ. ಒಬ್ಬರ ಸ್ಟುಡಿಯೋಗೆ ಇನ್ನೊಬ್ಬರು ಹೋಗಿ, ಕಾಲು ಸರಿಯಿಲ್ಲ, ಹಿನ್ನೆಲೆ ಭಾರ ಆಯ್ತು ಅಂತ ಮುಖಕ್ಕೇ ಹೇಳಿಕೊಳ್ತಿದ್ರು. ಆಗ ಯಾರೂ ಬೇಜಾರು ಮಾಡ್ಕೊಳ್ತಿರಲಿಲ್ಲ.

1883ರ ಡಿಸೆಂಬರ್‌ನಲ್ಲಿ ವಿನ್ಸೆಂಟ್ ನ್ಯೂನೆನ್ ಅನ್ನೋ ಹಳ್ಳಿಗೆ, ಅಪ್ಪ ಅಮ್ಮನ ಮನೆಗೆ ವಾಪಸ್ ಬಂದ. ತಿಯೋ ತಿಂಗಳಿಗೆ 150 ಫ್ರಾಂಕ್ ಕಳಿಸ್ತಿದ್ದ, ಅದಕ್ಕೆ ಬದಲಾಗಿ ಬರೆದ ಚಿತ್ರಗಳೆಲ್ಲಾ ತಿಯೋದು ಅಂತ ಒಪ್ಪಂದ. (ಕಾಮರ್ಸ್‌ನವರು ಗಮನಿಸಿ: ಇದು ದಾನ ಅಲ್ಲ, ಇನ್ವೆಸ್ಟ್‌ಮೆಂಟ್. ರಿಟರ್ನ್ ನೋಡೋಕೆ ಪಾಪ ಇಬ್ಬರೂ ಇರಲಿಲ್ಲ.) ಪಕ್ಕದ ಐಂಡ್‌ಹೋವನ್ ಊರಿನಲ್ಲಿ ಮೂರು ಜನ ಹವ್ಯಾಸಿಗಳಿಗೆ ಪಾಠ ಹೇಳ್ತಿದ್ದ. ಫೀಸು ದುಡ್ಡಲ್ಲ, ಬಣ್ಣದ ಟ್ಯೂಬ್.

1884-85ರ ಚಳಿಗಾಲ ಪೂರ್ತಿ ರೈತರ ತಲೆಗಳನ್ನ ಬರೆದ. ಒಂದಲ್ಲ ಎರಡಲ್ಲ, ಐವತ್ತು ತಲೆ ಬರೀಬೇಕು ಅಂತ ಹಠ. ಕತ್ತಲೆ ಗುಡಿಸಲಲ್ಲಿ, ದೀಪದ ಬೆಳಕಲ್ಲಿ. ಆ ಅಭ್ಯಾಸದಿಂದ ಹುಟ್ಟಿದ್ದೇ 'ಆಲೂಗಡ್ಡೆ ತಿನ್ನುವವರು'. ದೀಪದ ಕೆಳಗೆ ಐದು ಜನ, ಒಂದು ತಟ್ಟೆ ಆಲೂಗಡ್ಡೆ, ಬಸಿಯುತ್ತಿರೋ ಕಾಫಿ. ಮಣ್ಣು ಅಗೆದ ಕೈಯೇ ತಟ್ಟೆಗೆ ಹೋಗ್ತಿದೆ ಅನ್ನೋದು ಕಾಣಬೇಕು, ಅದೇ ಅವನ ಉದ್ದೇಶ. ಬಣ್ಣವೂ ಸಿಪ್ಪೆ ಸುಲಿಯದ, ಮಣ್ಣು ಮೆತ್ತಿದ ಆಲೂಗಡ್ಡೆಯದೇ. 82 ಸೆಂಟಿಮೀಟರ್ ಎತ್ತರ, 114 ಅಗಲ. ಇದು ತನ್ನ ಮೊದಲ ನಿಜವಾದ ಚಿತ್ರ, ಇದರಿಂದಲೇ ಜನ ನನ್ನನ್ನ ಪೇಂಟರ್ ಅಂತ ಒಪ್ತಾರೆ ಅಂತ ನಂಬಿದ್ದ. ಅದರ ಮಧ್ಯೆ, 1885ರ ಮಾರ್ಚ್ 26ಕ್ಕೆ ಅಪ್ಪ ತೀರಿಕೊಂಡ್ರು.

ಏಪ್ರಿಲ್‌ನಲ್ಲಿ, ದೊಡ್ಡ ಕ್ಯಾನ್ವಾಸ್ ಮುಗಿಯೋ ಮೊದಲೇ, ಐಂಡ್‌ಹೋವನ್‌ನ ಒಂದು ಪ್ರೆಸ್ಸಿಗೆ ಹೋಗಿ ಅದೇ ದೃಶ್ಯವನ್ನ ಕಲ್ಲಿನ ಮೇಲೆ ಬರೆದು ಲಿಥೋಗ್ರಾಫ್ ತೆಗೆಸಿದ. ಒಂದೇ ದಿನದ ಕೆಲಸ, ಅದೂ ನೆನಪಿನಿಂದ. ಕಲ್ಲಚ್ಚು ಆದ್ದರಿಂದ ಎಡಬಲ ತಿರುಗಿಹೋಯ್ತು. ಅದರ ಒಂದು ಪ್ರತಿ ರಪ್ಪಾರ್ಡ್‌ಗೆ ಹೋಯ್ತು.

4/7

ರಪ್ಪಾರ್ಡ್ ಉತ್ತರ ಬರೆದಿದ್ದು 1885ರ ಮೇ 24.

ಅದನ್ನ ಓದಿದ್ರೆ ಇವತ್ತಿಗೂ ಹೊಟ್ಟೆಯಲ್ಲಿ ಏನೋ ಆಗುತ್ತೆ. ಇಂಥದ್ದನ್ನ ನೀನು ಗಂಭೀರವಾಗಿ ಮಾಡಿರಲಿಕ್ಕಿಲ್ಲ ಅನ್ನೋದರಿಂದ ಶುರು. ಆಮೇಲೆ ಒಂದೊಂದಾಗಿ ಪಟ್ಟಿ. ಹಿಂದೆ ಕೂತಿರೋ ಹೆಂಗಸಿನ ಕೈ ಯಾಕೆ ಹೀಗೆ ಬಿಂಕ ಮಾಡ್ತಿದೆ? ಕಾಫಿ ಕೆಟಲ್‌ಗೂ ಟೇಬಲ್‌ಗೂ ಹಿಡಿಕೆ ಮೇಲಿರೋ ಕೈಗೂ ಏನು ಸಂಬಂಧ? ಆ ಕೆಟಲ್ ಕೂತೂ ಇಲ್ಲ, ಯಾರೂ ಹಿಡಿದೂ ಇಲ್ಲ, ಏನು ಮಾಡ್ತಿದೆ ಅದು? ಬಲಗಡೆ ಗಂಡಸಿಗೆ ಮೊಣಕಾಲು, ಹೊಟ್ಟೆ, ಶ್ವಾಸಕೋಶ ಇರಬಾರದಾ, ಅವೆಲ್ಲಾ ಬೆನ್ನಲ್ಲಿದ್ಯಾ? ಅವನ ತೋಳು ಒಂದು ಮೀಟರ್ ಗಿಡ್ಡ ಯಾಕೆ? ಅರ್ಧ ಮೂಗು ಎಲ್ಲಿ? ಎಡಗಡೆ ಹೆಂಗಸಿನ ಮೂಗು ಪೈಪಿನ ಕಡ್ಡಿಗೆ ದಾಳ ಸಿಕ್ಕಿಸಿದ ಹಾಗಿದೆ. ಇಷ್ಟೆಲ್ಲಾ ಇಟ್ಕೊಂಡು ಮಿಲೆಯ ಹೆಸರು ಹೇಳೋ ಧೈರ್ಯ ಬೇರೆ.

ಮಿಲೆ ಅಂದ್ರೆ ರೈತರನ್ನ ಬರೆದ ಫ್ರೆಂಚ್ ಕಲಾವಿದ, ವಿನ್ಸೆಂಟ್‌ನ ಪಾಲಿಗೆ ದೇವರು. ಕೊನೆಯ ಏಟು ಅಲ್ಲಿಗೆ ಬಿತ್ತು.

ನಾನು ಆ ಲಿಥೋಗ್ರಾಫ್ ದೊಡ್ಡದು ಮಾಡಿ, ಪಕ್ಕದಲ್ಲಿ ಈ ಪಟ್ಟಿ ಇಟ್ಕೊಂಡು ಒಂದೊಂದೇ ಚೆಕ್ ಮಾಡಿದೆ, ವೌಚರ್‌ಗೆ ಟಿಕ್ ಹಾಕ್ತೀವಲ್ಲ ಹಾಗೆ. ಬೇಜಾರಿನ ವಿಷಯ ಅಂದ್ರೆ ರಪ್ಪಾರ್ಡ್ ಹೇಳಿದ್ದು ಬಹುತೇಕ ಸರಿ. ಮೊಣಕಾಲು ನಿಜವಾಗಲೂ ಸಿಗಲ್ಲ. ತೋಳು ಗಿಡ್ಡವೇ.

ಹಾಗಿದ್ರೆ ಅನ್ಯಾಯ ಎಲ್ಲಿ? ನನಗನ್ನಿಸೋದು ಎರಡು ಕಡೆ. ಅವನು ಪೇಂಟಿಂಗ್ ನೋಡಿಯೇ ಇರಲಿಲ್ಲ. ಒಂದು ದಿನದಲ್ಲಿ ನೆನಪಿಂದ ಗೀಚಿದ ಕಪ್ಪುಬಿಳುಪು ಪ್ರಿಂಟ್ ನೋಡಿ ಇಡೀ ಮನುಷ್ಯನನ್ನ ತೂಗಿಬಿಟ್ಟ. ವಾಟ್ಸಾಪ್‌ನಲ್ಲಿ ಬಂದ ಮಸುಕು ಫೋಟೋ ನೋಡಿ ಆಯಿಲ್ ಪೇಂಟಿಂಗಿಗೆ ಮಾರ್ಕ್ಸ್ ಕೊಟ್ಟ ಹಾಗೆ. ಇನ್ನೊಂದು, ಮಾವ್ ಹೇಳಿದ್ದರಲ್ಲಿ ಕುರ್ಚಿ ಸರಿಸೋ ದಾರಿ ಇತ್ತು. ಇಲ್ಲಿ ಇಷ್ಟು ತಪ್ಪು ಎಣಿಸಿದವನು ಇದನ್ನ ಹೀಗೆ ಮಾಡು ಅಂತ ಒಂದು ಸಾಲೂ ಹೇಳಲಿಲ್ಲ. ಲಿಸ್ಟ್ ಇದೆ, ದಾರಿ ಇಲ್ಲ.

ನಮ್ಮ ಕ್ಲಾಸಿನ ಒಬ್ಬಳು ಒಂದು ಇಂಟರ್ ಕಾಲೇಜ್ ಫೆಸ್ಟ್‌ಗೆ ಕ್ಯಾನ್ವಾಸ್ ತಗೊಂಡು ಹೋಗಿದ್ಲು. ಜಡ್ಜ್ ಒಬ್ಬರು ಎಲ್ಲರ ಎದುರು ನಗ್ತಾ ಏನೋ ಅಂದ್ರು, ಎರಡೇ ಮಾತು. ಅವಳ ಬಣ್ಣದ ಡಬ್ಬಿ ಇವತ್ತಿಗೂ ಹಾಸ್ಟೆಲ್ ಮಂಚದ ಕೆಳಗಿದೆ. ಟ್ಯೂಬ್‌ಗಳ ಮುಚ್ಚಳ ಅಂಟಿಕೊಂಡು ತೆಗೆಯೋಕೇ ಬರ್ತಿಲ್ಲ ಅಂತೆ. ಈ ಸೀರೀಸ್ ಬರೀಬೇಕು ಅಂತ ಅನ್ನಿಸಿದ್ದು ಅದಕ್ಕೇ.

ವಿನ್ಸೆಂಟ್ ಏನು ಮಾಡಿದ ಗೊತ್ತಾ? ಆ ಪತ್ರವನ್ನ ಮಡಚಿ, ಚಿಕ್ಕದೊಂದು ಸಾಲು ಬರೆದು, ರಪ್ಪಾರ್ಡ್‌ಗೇ ವಾಪಸ್ ಕಳಿಸಿಬಿಟ್ಟ.

5/7

ಎಲ್ಲರೂ ಹೇಳೋ ಕಥೆ ಇಲ್ಲಿಗೆ ಮುಗಿಯುತ್ತೆ: ಗೆಳೆತನ ಮುರೀತು, ಮುಂದೆ ಆ ಚಿತ್ರ ಜಗತ್ಪ್ರಸಿದ್ಧ ಆಯ್ತು, ಬೈದವನು ಪೆದ್ದ ಆದ. ರೀಲ್ಸ್‌ಗೆ ಚೆನ್ನಾಗಿರುತ್ತೆ. ಆದರೆ 1885ರ ಬೇಸಿಗೆಯಲ್ಲಿ ಅವನ ಕೈ ಏನು ಮಾಡ್ತಿತ್ತು ಅಂತ ನೋಡಿದ್ರೆ ವಿಷಯ ಇನ್ನೂ ಸ್ವಾರಸ್ಯ ಇದೆ.

ರಪ್ಪಾರ್ಡ್ ಒಬ್ಬನೇ ಅಲ್ಲ. ತಿಯೋ ಪ್ಯಾರಿಸ್‌ನಲ್ಲಿ ಚಿತ್ರವನ್ನ ಚಾರ್ಲ್ಸ್ ಸೆರೆ ಅನ್ನೋ ಹಿರಿಯ ಕಲಾವಿದನಿಗೆ ತೋರಿಸಿದ್ದ. ಅವನೂ ದೇಹಗಳ ರಚನೆ ಸರಿಯಿಲ್ಲ ಅಂದ. ಮುಂಡದ ಭಾಗ ಬಲ ಇಲ್ಲ ಅಂತ ತಿಯೋಗೂ ಅನ್ನಿಸಿತ್ತು. ಅಂದ್ರೆ ಬೇರೆ ಬೇರೆ ಕಡೆಯಿಂದ ಒಂದೇ ಮಾತು: ತಲೆಗಳು ಗಟ್ಟಿ, ಕುತ್ತಿಗೆ ಕೆಳಗೆ ಸಡಿಲ. ಆಶ್ಚರ್ಯ ಏನಿಲ್ಲ, ಚಳಿಗಾಲ ಪೂರ್ತಿ ಅವನು ಬರೆದಿದ್ದು ತಲೆಗಳನ್ನೇ!

ಬಾಯಲ್ಲಿ ಅವನು ಒಪ್ಪಲಿಲ್ಲ. ಆ ಜುಲೈನಲ್ಲಿ ತಿಯೋಗೆ ಬರೆದ ಪತ್ರದಲ್ಲಿ ವಾದ ಮಾಡ್ತಾನೆ: ಅಗೆಯೋ ರೈತನ ಫೋಟೋ ತೆಗೆದ್ರೆ ಅವನು ಅಗೀತಿರೋ ಹಾಗೆ ಕಾಣಲ್ಲ, ನನ್ನ ಆಕೃತಿಗಳು ಅಕಾಡೆಮಿ ಲೆಕ್ಕದಲ್ಲಿ ಸರಿ ಆಗೋದೇ ನನಗೆ ಬೇಡ, ನನ್ನ ತಪ್ಪುಗಳು ಅಕ್ಷರಶಃ ಸತ್ಯಕ್ಕಿಂತ ಹೆಚ್ಚು ನಿಜ ಆಗಿರಬೇಕು ಅಂತ. ಚೆಂದದ ವಾದ. ಎಷ್ಟೋ ಜನ ತಮ್ಮ ಕೆಟ್ಟ ಅನಾಟಮಿಗೆ ಈಗಲೂ ಇದನ್ನೇ ಗುರಾಣಿ ಹಿಡೀತಾರೆ.

ಆದರೆ ಅದೇ ತಿಂಗಳುಗಳಲ್ಲಿ ಅವನು ಗದ್ದೆಗೆ ಹೋಗಿ ದೊಡ್ಡ ದೊಡ್ಡ ಹಾಳೆಗಳಲ್ಲಿ ಪೂರ್ತಿ ಆಕೃತಿ ಬರೀತಿದ್ದ. ತೆನೆ ಆಯೋ ಹೆಂಗಸರು, ಸಿವುಡು ಕಟ್ಟೋರು, ಅಗೆಯೋರು. ತಲೆಯಿಂದ ಕಾಲಿನ ತನಕ, ಹಿಂದಿನಿಂದ, ಪಕ್ಕದಿಂದ, ಬಗ್ಗಿದ ಭಂಗಿಯಲ್ಲಿ. ದೆಲಕ್ರ್ವಾ ಬಗ್ಗೆ ಆಗ ಓದಿದ್ದ ಒಂದು ಸೂತ್ರ ಅವನಿಗೆ ಹಿಡಿಸಿತ್ತು: ಅಂಚಿನ ಗೆರೆಯಿಂದ ಶುರು ಮಾಡಬೇಡ, ಒಳಗಿನ ದುಂಡಗಿನ ರಾಶಿಯಿಂದ ಶುರು ಮಾಡಿ ಹೊರಗೆ ಬಾ. ನೀವೇ ಹೋಲಿಸಿ ನೋಡಿ, ನಾಲ್ಕನೇ ಸ್ಲೈಡ್: ಏಪ್ರಿಲ್‌ನ ಮನುಷ್ಯರು ಕತ್ತರಿಸಿ ಅಂಟಿಸಿದ ಹಾಗಿದ್ದಾರೆ, ಆಗಸ್ಟ್‌ನವರಿಗೆ ಭಾರ ಇದೆ. ಸೊಂಟ, ತೊಡೆ, ಬಗ್ಗಿದಾಗ ಸೆರಗು ಎಳೆಯೋ ರೀತಿ ಎಲ್ಲಾ ಬಂದಿದೆ. ಪತ್ರ ವಾಪಸ್ ಹೋಯ್ತು, ಮೊಣಕಾಲು ಮಾತ್ರ ಉಳ್ಕೊಂಡಿತು.

ಒಪ್ಪಿಕೊಳ್ಳದೇನೇ ತಿದ್ದಿಕೊಳ್ಳೋದು ಅಂತ ಒಂದಿದೆ. ನಮ್ಮಲ್ಲಿ ತುಂಬಾ ಜನ ಹಾಗೇ, ಅಲ್ವಾ? ಕಮೆಂಟ್ ಹಾಕಿದವನಿಗೆ ಖಾರವಾಗಿ ಉತ್ತರ ಕೊಟ್ಟು, ರಾತ್ರಿ ಬಾಗಿಲು ಹಾಕ್ಕೊಂಡು ಅದೇ ಮೂಗನ್ನ ಹತ್ತು ಸಲ ಬರೀತೀವಿ.

ರಪ್ಪಾರ್ಡ್ ಜೊತೆ ಆ ಬೇಸಿಗೆ ಇನ್ನೂ ಕೆಲವು ಪತ್ರ ಹೋದವು, ಬಂದವು. ಹೇಳಿದ್ದನ್ನ ವಾಪಸ್ ತಗೋ ಅಂತ ಇವನ ಹಠ. ವರ್ಷ ಮುಗಿಯೋ ಹೊತ್ತಿಗೆ ಮಾತು ನಿಂತಿತ್ತು, ಮತ್ತೆ ಸೇರಲಿಲ್ಲ. ವಿನ್ಸೆಂಟ್ ಸತ್ತಾಗ ರಪ್ಪಾರ್ಡ್ ಅವನ ಅಮ್ಮನಿಗೆ ಸಂತಾಪದ ಪತ್ರ ಬರೆದ, ಜೊತೆಗಿದ್ದ ದಿನಗಳನ್ನ ಪ್ರೀತಿಯಿಂದ ನೆನೆದು. ಅವನೂ 1892ರಲ್ಲಿ, 33ನೇ ವಯಸ್ಸಿಗೇ ಹೋದ. ಇವತ್ತು ಅವನ ಹೆಸರು ಹೆಚ್ಚಾಗಿ ಕೇಳಿಬರೋದು ಆ ಒಂದು ಪತ್ರದಿಂದ. ಅವನೂ ಪೇಂಟರ್ ಆಗಿದ್ದ ಅನ್ನೋದೇ ಮರೆತುಹೋಗಿದೆ.

6/7

ಬೇಗ ಹೇಳಿಬಿಡ್ತೀನಿ. ನವೆಂಬರ್ 1885ಕ್ಕೆ ಆಂಟ್‌ವರ್ಪ್, ಅಲ್ಲಿ ಅಕಾಡೆಮಿಗೆ ಸೇರಿ ಮತ್ತೆ ಮೇಷ್ಟ್ರುಗಳ ಜೊತೆ ಜಗಳ. ಇವನನ್ನ ಆರಂಭದ ಕ್ಲಾಸಿಗೆ ಇಳಿಸಬೇಕು ಅಂತ ಅವರು ತೀರ್ಮಾನ ಮಾಡೋ ಹೊತ್ತಿಗೆ ಇವನು ಪ್ಯಾರಿಸ್ ಸೇರಿ ಆಗಿತ್ತು. ಡೌನ್‌ಗ್ರೇಡ್ ಆರ್ಡರ್ ಬಂದಾಗ ಸ್ಟೂಡೆಂಟೇ ಇಲ್ಲ.

ಹೊಸ ಚಿತ್ರಕಾರರು ತುಂಬಾ ತಿಳಿ ಬಣ್ಣದಲ್ಲಿ ಬರೀತಾರೆ, ನಿನ್ನದು ಕತ್ತಲು ಅಂತ ತಿಯೋ ಹೇಳ್ತಾನೇ ಇದ್ದ. ವಿನ್ಸೆಂಟ್‌ಗೆ ಅದು ತಲೆಗೆ ಹೋಗಿರಲಿಲ್ಲ, ಹೋಗೋದಾದ್ರೂ ಹೇಗೆ? ಇಂಪ್ರೆಷನಿಸ್ಟರ ಚಿತ್ರಗಳನ್ನ ಅವನು ನೋಡೇ ಇರಲಿಲ್ಲ. ಮಾತಲ್ಲಿ ಬಣ್ಣ ವಿವರಿಸೋಕೆ ಆಗಲ್ಲ, ಪಕ್ಕದಲ್ಲಿ ನಿಂತು ನೋಡಬೇಕು. 1886ರಲ್ಲಿ ನೋಡಿದ. ಮಾಡೆಲ್‌ಗೆ ದುಡ್ಡಿಲ್ಲ ಅಂತ ಆ ಬೇಸಿಗೆ ಹೂವುಗಳನ್ನೇ ಬರೆದ, ಕೆಂಪಿನ ಪಕ್ಕ ಹಸಿರು, ನೀಲಿ ಪಕ್ಕ ಕಿತ್ತಳೆ, ಬರೀ ಬಣ್ಣದ ಅಭ್ಯಾಸಕ್ಕೆ.

1887ರ ವಸಂತದಲ್ಲಿ ಪೌಲ್ ಸಿನ್ಯಾಕ್ ಜೊತೆ ಸೀನ್ ನದಿ ದಡಕ್ಕೆ, ಆಸ್ನಿಯೇರ್ ಕಡೆಗೆ ಹೋಗಿ ಅಕ್ಕಪಕ್ಕ ನಿಂತು ಪೇಂಟ್ ಮಾಡ್ತಿದ್ದ. ಸಿನ್ಯಾಕ್ ಚುಕ್ಕೆಗಳ ಪಂಥದವನು, ಬಣ್ಣಗಳನ್ನ ಪ್ಯಾಲೆಟ್‌ನಲ್ಲಿ ಕಲಸದೆ ಕ್ಯಾನ್ವಾಸ್ ಮೇಲೆ ಪಕ್ಕಪಕ್ಕ ಇಡೋನು. ಮನೆಗೆ ಬರೋವಾಗ ವಿನ್ಸೆಂಟ್ ಹಸಿ ಕ್ಯಾನ್ವಾಸ್ ಬೀಸಿಕೊಂಡು, ಕೂಗಾಡಿ ವಾದ ಮಾಡ್ತಾ, ತನಗೂ ದಾರಿಹೋಕರಿಗೂ ಬಣ್ಣ ಬಳೀತಿದ್ದ ಅಂತ ಸಿನ್ಯಾಕ್ ಆಮೇಲೆ ನೆನೆಸಿಕೊಂಡಿದ್ದಾನೆ. ಆಯಿಲ್ ಒಣಗೋಕೆ ಎಷ್ಟು ದಿನ ಬೇಕು ಅಂತ ಗೊತ್ತಿರೋರಿಗೆ ಆ ದಾರಿಹೋಕರ ಕೋಟಿನ ಗತಿ ಅರ್ಥ ಆಗುತ್ತೆ.

ಚುಕ್ಕೆ ಅವನ ಸ್ವಭಾವಕ್ಕೆ ಒಗ್ಗಲಿಲ್ಲ, ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಆ ಚುಕ್ಕೆ ಉದ್ದ ಎಳೆದು ಗೀಟಾಯ್ತು, ಗೀಟು ಓಡೋಕೆ ಶುರು ಮಾಡ್ತು. ನಾವೆಲ್ಲಾ ವ್ಯಾನ್ ಗೋ ಸ್ಟೈಲ್ ಅನ್ನೋದು ಅದನ್ನೇ.

ಇನ್ನೊಂದು ಜಾಗ ಬಿಡೋ ಹಾಗಿಲ್ಲ: ತಾಂಗಿ ಅಜ್ಜನ ಬಣ್ಣದಂಗಡಿ. ದುಡ್ಡಿಲ್ಲದ ಪೇಂಟರ್‌ಗಳಿಂದ ಚಿತ್ರ ಇಟ್ಕೊಂಡು ಬಣ್ಣ ಕೊಡ್ತಿದ್ದ ಪುಣ್ಯಾತ್ಮ. ಹಾಗಾಗಿ ಟ್ಯೂಬ್ ತಗೊಳೋಕೆ ಹೋದವನಿಗೆ ಸೆಜಾನ್‌ನ ಚಿತ್ರ ಎದುರಿಗೇ ಕಾಣ್ತಿತ್ತು. ಬಾಕಿ ವಸೂಲಿ ದೃಷ್ಟಿಯಿಂದ ಹೀನಾಯ ಬಿಸಿನೆಸ್. ನಮ್ಮ ಅಕೌಂಟ್ಸ್ ಮೇಡಂ ನೋಡಿದ್ರೆ ಅಳ್ತಾರೆ.

7/7

ಗೋಗ್ಯಾಂ ಜೊತೆಗಿನ ಎರಡು ತಿಂಗಳು ಎಲ್ಲರಿಗೂ ಗೊತ್ತು, ಅಕ್ಟೋಬರ್ 23ರಿಂದ ಡಿಸೆಂಬರ್ 23ರ ಕಿವಿ ಘಟನೆ ತನಕ, 1888. ಆ ರಾತ್ರಿ ಬಗ್ಗೆ ನಾನು ಬರೆಯಲ್ಲ. ಎದುರಿಗಿರೋದನ್ನ ಬಿಟ್ಟು ನೆನಪಿಂದ ಬರಿ ಅಂತ ಗೋಗ್ಯಾಂ ಹೇಳ್ತಿದ್ದ. ವಿನ್ಸೆಂಟ್ ಪ್ರಯತ್ನಿಸಿದ, ಕೆಲವು ಚಿತ್ರ ಮಾಡಿದ, ತನಗೆ ಆಗಿಬರಲ್ಲ ಅಂತ ಮತ್ತೆ ಹೊಲದ ಎದುರಿಗೇ ಹೋಗಿ ನಿಂತ. ಆದರೂ 1890ರಲ್ಲಿ, ಗೋಗ್ಯಾಂ ಹಿಂದೆ ಬರೆದಿದ್ದ ಮದಾಂ ಜಿನೂ ರೇಖಾಚಿತ್ರ ಇಟ್ಕೊಂಡು ಅವಳ ಆಯಿಲ್ ಚಿತ್ರಗಳನ್ನ ಮಾಡಿ, ಇದು ನಿನ್ನದೂ ನನ್ನದೂ ಸೇರಿದ ಕೆಲಸ ಅಂತ ಅವನಿಗೇ ತಿಳಿಸಿದ.

ಎಮಿಲ್ ಬರ್ನಾರ್ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ. ವಿನ್ಸೆಂಟ್‌ಗಿಂತ 15 ವರ್ಷ ಚಿಕ್ಕವನು, ಪ್ಯಾರಿಸ್ ಗೆಳೆಯ. 1889ರ ನವೆಂಬರ್‌ನಲ್ಲಿ ಅವನು ತನ್ನ ಹೊಸ ಬೈಬಲ್ ಚಿತ್ರಗಳ ಫೋಟೋ ಕಳಿಸಿದ. ಆಗ ವಿನ್ಸೆಂಟ್ ಸಾಂ ರೆಮಿಯ ಆಸ್ಪತ್ರೆಯಲ್ಲಿದ್ದ. ಅಲ್ಲಿಂದ ಬರೆದ ಉತ್ತರ ಓದ್ತಾ ಹೋದ್ರೆ ಎಲ್ಲೋ ಕೇಳಿದ ದನಿ ಅನ್ಸುತ್ತೆ. ಇದು ಸುಳ್ಳು, ಇದು ನಾಟಕ, ಇದೊಂದು ಕೆಟ್ಟ ಕನಸು ಅಂತ ಒಂದೊಂದೇ ಚಿತ್ರ ಹಿಡಿದು ಝಾಡಿಸ್ತಾನೆ. ಫೋಟೋ ಮಾತ್ರ ನೋಡಿ! ರಪ್ಪಾರ್ಡ್ ಕುರ್ಚಿಯಲ್ಲಿ ಈಗ ಇವನೇ ಕೂತಿದ್ದ. ಒಂದು ವ್ಯತ್ಯಾಸ ಅಂದ್ರೆ, ಬೈದಾದ ಮೇಲೆ ತಾನು ಆಗ ಬರೀತಿದ್ದ ಆಸ್ಪತ್ರೆ ತೋಟದ ಚಿತ್ರ ಹೇಗಿದೆ, ಯಾವ ಬಣ್ಣ ಎಲ್ಲಿ, ಬೈಬಲ್ ತೋಟ ಬರೆಯದೇನೇ ದುಃಖ ಹೇಗೆ ತರಬಹುದು ಅಂತ ವಿವರವಾಗಿ ಬರೆದ. ಬರ್ನಾರ್‌ಗೆ ಅವನು ಬರೆದ ಪತ್ರಗಳಲ್ಲಿ ಉಳಿದಿರೋ ಕೊನೆಯದು ಅದೇ.

ಬರ್ನಾರ್ ಮಾತ್ರ ಬೈಸಿಕೊಂಡಿದ್ದನ್ನ ಇಟ್ಕೊಳ್ಳಲಿಲ್ಲ. ಎಂಟು ತಿಂಗಳಾದ ಮೇಲೆ ಅಂತ್ಯಕ್ರಿಯೆಗೆ ಬಂದ, ಆ ಸೆಪ್ಟೆಂಬರ್‌ನಲ್ಲಿ ತಿಯೋ ಮನೆಯಲ್ಲಿ ಚಿತ್ರಗಳನ್ನ ಗೋಡೆಗೆ ಹಾಕೋಕೆ ನಿಂತ, 1893ರಿಂದ ತನಗೆ ಬಂದ ಪತ್ರಗಳನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ.

ಇನ್ನು ಆಲೂಗಡ್ಡೆ ಚಿತ್ರ. ಪ್ಯಾರಿಸ್‌ನಲ್ಲಿ ಬಣ್ಣ ಎಲ್ಲಾ ಬದಲಾದ ಮೇಲೂ, 1887ರಲ್ಲಿ ತಂಗಿ ವಿಲ್‌ಗೆ ಬರೆದಾಗ ಅವನು ಹೇಳಿದ್ದು, ನಾನು ಮಾಡಿದ್ದರಲ್ಲಿ ಅದೇ ಒಳ್ಳೇದು ಅಂತ. 1890ರ ವಸಂತದಲ್ಲಿ, ಆಸ್ಪತ್ರೆಯಲ್ಲಿ ತುಂಬಾ ಕಾಯಿಲೆ ಬಿದ್ದಿದ್ದ ವಾರಗಳಲ್ಲಿ, ಅದನ್ನ ಮತ್ತೊಂದು ಸಲ ಬರೀಬೇಕು ಅನ್ನಿಸಿತು. ನ್ಯೂನೆನ್‌ನ ಹಳೇ ಆಕೃತಿಗಳ ಡ್ರಾಯಿಂಗ್ ಇದ್ರೆ ಕಳಿಸು ಅಂತ ತಿಯೋಗೆ ಕೇಳಿದ. ಅವು ಬರೋ ತನಕ ಕಾಯದೆ ನೆನಪಿಂದಲೇ ಸ್ಕೆಚ್ ಹಾಕೋಕೆ ಶುರು ಮಾಡಿದ. ಮತ್ತದೇ ಟೇಬಲ್, ಅದೇ ದೀಪ, ಸುತ್ತ ಕೂತ ಜನ.

ಹೊಸ ಕ್ಯಾನ್ವಾಸ್ ಆಗಲೇ ಇಲ್ಲ. ಹಳೇದು ಆ ಹೊತ್ತಿಗೆ ತಿಯೋ ಮನೆಯ ಊಟದ ಕೋಣೆಯಲ್ಲಿ, ಬೆಂಕಿಗೂಡಿನ ಮೇಲೆ ನೇತಾಡ್ತಿತ್ತು. ಗಿಡ್ಡ ತೋಳು, ತೇಲೋ ಕೆಟಲ್ ಎಲ್ಲದರ ಸಮೇತ.